ರಿವಾಲ್ವರಿಗೆ ತೋಟಾ ತುಂಬುವ ಕೈ ಯಾವುದು?

ರಿವಾಲ್ವರ್ ತರಬೇತಿಯ ಕೈಪಿಡಿಗಳಲ್ಲಿ ದಶಕಗಳಿಂದ ಒಂದು ಜಗಳ ನಡೆದುಬಂದಿದೆ. ಆರು ಗುಂಡುಗಳೂ ಮುಗಿದ ಮೇಲೆ ಮತ್ತೆ ತೋಟಾ ತುಂಬಬೇಕು. ಆಗ ತೋಟಾಗಳನ್ನು ಹಿಡಿಯಬೇಕಾದದ್ದು ಯಾವ ಕೈ? ರಿವಾಲ್ವರನ್ನು ಎಡಗೈಗೆ ದಾಟಿಸಿ ಬಲಗೈಯಿಂದ ತುಂಬಬೇಕು ಎನ್ನುವುದು ಒಂದು ಪಂಗಡದ ವಾದ. ಬಲಗೈ ಹಿಡಿಯನ್ನು ಬಿಡಲೇಕೂಡದು, ತುಂಬುವ ಕೆಲಸ ಎಡಗೈಯದು ಎನ್ನುವುದು ಇನ್ನೊಂದು ಪಂಗಡದ್ದು. ಎರಡೂ ಕಡೆಯವರು ವಿಜ್ಞಾನದ ಹೆಸರು ಹೇಳುತ್ತಾರೆ. ಓದುಗರಲ್ಲಿ ಹೆಚ್ಚಿನವರು ರಿವಾಲ್ವರನ್ನು ಮುಟ್ಟಿಯೂ ಇರಲಾರರು. ಆದರೂ ಒಂದು ಸಾಧನ, ಎರಡು ಕೈ, ಅವುಗಳ ಹೆಸರಿನಲ್ಲಿ ಹುಟ್ಟಿದ ನಂಬಿಕೆಗಳು ಇವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಯಂತ್ರವನ್ನು ನೋಡೋಣ. ಇಂದಿನ ಸಾಮಾನ್ಯ ರಿವಾಲ್ವರಿನಲ್ಲಿ ತೋಟಾಗಳು ಕೂರುವ ಸಿಲಿಂಡರ್ ಚೌಕಟ್ಟಿನಿಂದ ಎಡಕ್ಕೆ ಹೊರಳುತ್ತದೆ. ಅಮೆರಿಕದ ಕೋಲ್ಟ್ ಕಂಪನಿಯ 1889ರ ನೌಕಾಪಡೆ ಮಾದರಿ ಈ ಏರ್ಪಾಡನ್ನು ಬಳಕೆಗೆ ತಂದಿತು. ಸ್ಮಿತ್ ಅಂಡ್ ವೆಸನ್ ಕಂಪನಿ 1896ರಲ್ಲಿ ಅದೇ ದಾರಿ ಹಿಡಿಯಿತು. ಸಿಲಿಂಡರನ್ನು ಬಿಡಿಸುವ ಚಿಲಕವೂ ಎಡಬದಿಯಲ್ಲೇ ಇದೆ. ಬಲಗೈ ಹೆಬ್ಬೆರಳಿಗೆ ಅದು ಸಹಜವಾಗಿ ಸಿಗುತ್ತದೆ. ಕೋಲ್ಟಿನಲ್ಲಿ ಚಿಲಕವನ್ನು ಹಿಂದಕ್ಕೆ ಎಳೆಯಬೇಕು, ಸ್ಮಿತ್ ಅಂಡ್ ವೆಸನ್‌ನಲ್ಲಿ ಮುಂದಕ್ಕೆ ತಳ್ಳಬೇಕು, ರೂಗರಿನಲ್ಲಿ ಒಳಕ್ಕೆ ಒತ್ತಬೇಕು. (ಒಂದರಲ್ಲಿ ಪಳಗಿದವರು ಇನ್ನೊಂದನ್ನು ಹಿಡಿದಾಗ ತಡವರಿಸುವುದು ಇಲ್ಲಿಯೇ.) ಸಿಲಿಂಡರ್ ಹೊರಬಂದ ಮೇಲೆ ಅದರ ನಡುವಿನ ಕಡ್ಡಿಯನ್ನು ಹೊಡೆದರೆ ಖಾಲಿ ಚಿಪ್ಪುಗಳು ಒಟ್ಟಿಗೆ ಈಚೆ ಬರುತ್ತವೆ. ಆಗ ನಳಿಗೆಯ ಬಾಯಿ ಆಕಾಶ ನೋಡುತ್ತಿರಬೇಕು. ಇಲ್ಲವಾದರೆ ಉರಿಯದೆ ಉಳಿದ ಮದ್ದಿನ ಕಣವೋ, ಜಾರಿದ ಚಿಪ್ಪೋ ನಕ್ಷತ್ರಾಕಾರದ ತಳ್ಳುಗದ ಅಡಿಗೆ ಸಿಕ್ಕಿಕೊಂಡು ಸಿಲಿಂಡರ್ ಮುಚ್ಚದೆ ಹೋಗಬಹುದು. ಹೊಸ ತೋಟಾ ತುಂಬುವಾಗ ನಳಿಗೆ ನೆಲ ನೋಡಬೇಕು. ತೋಟಾ ತನ್ನ ಭಾರದಿಂದಲೇ ಗೂಡಿಗೆ ಇಳಿಯಬೇಕು.

ಈಗ ಮೊದಲ ಪಂಗಡದ ವಾದ. ಫ್ರಾನ್ಸಿನ ಮನೋವಿಜ್ಞಾನಿ ಈವ್ ಗಿಯಾರ್ 1987ರಲ್ಲಿ ಎರಡು ಕೈಗಳ ಕೆಲಸದ ಹಂಚಿಕೆಯನ್ನು ಕುರಿತು ಒಂದು ಮಾದರಿಯನ್ನು ಮಂಡಿಸಿದರು. ರೂಢಿ ಇಲ್ಲದ ಕೈ ಮೊದಲು ಚಲಿಸಿ ಒಂದು ನೆಲೆಯನ್ನು ಒದಗಿಸುತ್ತದೆ. ರೂಢಿಯ ಕೈ ಆ ನೆಲೆಯೊಳಗೆ ಸೂಕ್ಷ್ಮವಾದ ಕೆಲಸ ಮಾಡುತ್ತದೆ ಎನ್ನುವುದು ಅದರ ಸಾರ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವವರನ್ನು ಗಮನಿಸಿ. ಹೂಗಳ ಜೋಡಣೆಯನ್ನು ಎಡಗೈ ಹಿಡಿದಿರುತ್ತದೆ, ನಾರು ಸುತ್ತಿ ಬಿಗಿಯುವುದು ಬಲಗೈ. ಬರೆಯುವಾಗಲೂ ಎಡಗೈ ಸುಮ್ಮನಿರುವುದಿಲ್ಲ, ಹಾಳೆಯನ್ನು ಸರಿಸುತ್ತಲೇ ಇರುತ್ತದೆ. ರಿವಾಲ್ವರಿಗೆ ಇದನ್ನು ಅನ್ವಯಿಸಿದರೆ ಎಡಗೈ ಸಿಲಿಂಡರನ್ನು ಹಿಡಿದು ನಿಲ್ಲಿಸಬೇಕು, ಬಲಗೈ ತೋಟಾವನ್ನು ಗೂಡಿಗೆ ಸೇರಿಸಬೇಕು.

ಸೇರಿಸುವ ಕೆಲಸ ಎಷ್ಟು ಸೂಕ್ಷ್ಮ? .38 ಸ್ಪೆಷಲ್ ತೋಟಾದ ಚಿಪ್ಪು ಸುಮಾರು 9.6 ಮಿ.ಮೀ. ದಪ್ಪ. ಗೂಡು ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಅಗಲ. ಗುಂಡಿನ ಮೂತಿ ಉರುಟಾಗಿರುವುದರಿಂದ ಅಷ್ಟಿಷ್ಟು ದಾರಿ ತೋರುತ್ತದೆ, ಅಷ್ಟೆ. ಪಾಲ್ ಫಿಟ್ಸ್ 1954ರಲ್ಲಿ ಕಂಡುಕೊಂಡ ನಿಯಮದ ಪ್ರಕಾರ, ಕೈ ಚಲಿಸಬೇಕಾದ ದೂರ ಹೆಚ್ಚಿದಷ್ಟೂ ಗುರಿಯ ಅಗಲ ಕುಗ್ಗಿದಷ್ಟೂ ಕೆಲಸಕ್ಕೆ ಹಿಡಿಯುವ ಸಮಯ ಏರುತ್ತದೆ. ಗುರಿಯ ಅಗಲ ಅರ್ಧವಾದ ಪ್ರತಿ ಬಾರಿಯೂ ಒಂದು ನಿಗದಿತ ಪ್ರಮಾಣದ ಸಮಯ ಕೂಡಿಕೊಳ್ಳುತ್ತದೆ. ಬಿಡಿ ತೋಟಾ ತುಂಬುವವರು ಈ ದಂಡವನ್ನು ಆರು ಸಲ ತೆರಬೇಕು. ಇಂಥ ಕಡೆ ಪಳಗಿದ ಕೈಗೆ ಕೆಲಸ ಕೊಡಿ ಎನ್ನುವ ವಾದ ನನಗೆ ಗಟ್ಟಿಯಾಗಿಯೇ ಕಾಣುತ್ತದೆ. ಇನ್ನೊಂದು ಅನುಕೂಲವನ್ನು ಕೈಪಿಡಿಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ: ರಿವಾಲ್ವರ್ ಎಡಗೈಗೆ ಹೋದಾಗ ಬಲಗೈಯ ತೋರುಬೆರಳು ಕುದುರೆಯಿಂದ, ಅಂದರೆ ಟ್ರಿಗರಿನಿಂದ, ಪೂರ್ತಿ ದೂರವಾಗಿರುತ್ತದೆ.

ಎರಡನೆಯ ಪಂಗಡದವರು ದಾಟಿಸುವಿಕೆಯ ಲೆಕ್ಕ ಹೇಳುತ್ತಾರೆ. ಬಲಗೈಯಿಂದ ಎಡಕ್ಕೆ ಒಂದು ಸಲ, ಎಡದಿಂದ ಬಲಕ್ಕೆ ಇನ್ನೊಂದು ಸಲ. ಪ್ರತಿ ದಾಟುವಿಕೆಯಲ್ಲೂ ಜಾರುವ ಸಂಭವವಿದೆ. ಕೊನೆಗೆ ಹಿಡಿಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ಬಲಗೈ ಹಿಡಿಯಲ್ಲೇ ಉಳಿದರೆ ಇದು ತಪ್ಪುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಬಲಗೈ ಹೆಬ್ಬೆರಳು ಚಿಲಕ ಒತ್ತಲು ಹೇಗೂ ಜಾಗ ಬಿಡಲೇಬೇಕು. ಅಂಗೈ ಚಿಕ್ಕದಾಗಿರುವವರು ಚಿಲಕ ಮುಟ್ಟಲು ಹಿಡಿಯನ್ನೇ ತುಸು ತಿರುಗಿಸಬೇಕಾಗುತ್ತದೆ. ಆಮೇಲೆ ಅದೇ ಕೈಯ ಬೆರಳುಗಳು ತೆರೆದ ಸಿಲಿಂಡರ್ ಸುತ್ತದಂತೆ ತಡೆಯಬೇಕು. ಹೀಗಿರುವಾಗ 'ಹಿಡಿ ಬದಲಾಗುವುದೇ ಇಲ್ಲ' ಎಂಬ ಘೋಷಣೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ.

ಹಾಗೆಂದು ಎಡಗೈ ಹುಟ್ಟಾ ಪೆದ್ದು ಎನ್ನುವ ಮಾತನ್ನೂ ಒಪ್ಪಲಾಗದು. ವೀಣೆ ನುಡಿಸುವವರ ಬಲಗೈ ತಂತಿ ಮೀಟುತ್ತದೆ. ಮೆಟ್ಟುಗಳ ಮೇಲೆ ತಂತಿಯನ್ನು ಎಳೆದು ಗಮಕದ ಎಳೆಎಳೆ ತೆಗೆಯುವುದು ಎಡಗೈ. ಪಿಟೀಲಿನಲ್ಲೂ ಬೆರಳುಗಳ ಓಟವೆಲ್ಲ ಎಡಗೈಯದೇ. ವರ್ಷಗಟ್ಟಲೆ ಸಾಧನೆ ಮಾಡಿದವರಿಗೆ ಗಿಯಾರ್ ಮಾದರಿಯ ಹಂಚಿಕೆ ಅಡ್ಡಿಯಾಗುವುದಿಲ್ಲ. ವಾರಕ್ಕೊಮ್ಮೆಯೂ ಅಭ್ಯಾಸ ಸಿಗದ ಸಾಮಾನ್ಯ ಪೊಲೀಸ್ ಪೇದೆಗೆ ಅಡ್ಡಿಯಾಗುತ್ತದೆ. ಕೈಪಿಡಿ ಬರೆಯಬೇಕಾದದ್ದು ಇವರಲ್ಲಿ ಯಾರಿಗೆ ಎನ್ನುವ ಪ್ರಶ್ನೆಯನ್ನು ಎರಡೂ ಪಂಗಡಗಳು ಕೇಳಿಕೊಂಡಂತಿಲ್ಲ. 1999ರಲ್ಲಿ ಅಮೆರಿಕದ ಜೆರ್ರಿ ಮಿಕ್ಯುಲೆಕ್ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನಾರು ಹಾರಿಸಿದ್ದನ್ನು ಒಟ್ಟು 2.99 ಸೆಕೆಂಡುಗಳಲ್ಲಿ ಮುಗಿಸಿದರು. ದಾಖಲೆ ದೊಡ್ಡದು, ನಿಜ. ಅವರು ಬಳಸಿದ್ದು ಆರೂ ತೋಟಾಗಳನ್ನು ಒಂದೇ ತಗಡಿನಲ್ಲಿ ಹಿಡಿದಿಡುವ 'ಮೂನ್ ಕ್ಲಿಪ್' ಎಂಬುದನ್ನೂ, ತಮ್ಮ ಬದುಕನ್ನೇ ಇದಕ್ಕೆ ಮುಡಿಪಿಟ್ಟವರು ಎಂಬುದನ್ನೂ ಮರೆತು ಆ ಅಂಕಿಯನ್ನು ಎಲ್ಲರ ತರಬೇತಿಗೆ ಆಧಾರವಾಗಿ ತೋರಿಸುವುದು ಸಲ್ಲದು.

ವಿಜ್ಞಾನದ ಹೆಸರಿನಲ್ಲಿ ನಡೆಯುವ ಅತಿ ದೊಡ್ಡ ಅಪಚಾರ ನಾಡಿಬಡಿತದ ಲೆಕ್ಕದ್ದು. ನಾಡಿ ನಿಮಿಷಕ್ಕೆ 115 ದಾಟಿದರೆ ಬೆರಳುಗಳ ಸೂಕ್ಷ್ಮ ಕೌಶಲ ಕಳೆದುಹೋಗುತ್ತದೆ, 145 ದಾಟಿದರೆ ಹಲವು ಅಂಗಗಳನ್ನು ಹೊಂದಿಸುವ ಕೌಶಲವೂ ಹೋಗುತ್ತದೆ ಎಂಬ ಅಂಕಿಗಳು 1990ರ ದಶಕದಿಂದ ತರಬೇತಿ ಪುಸ್ತಕಗಳಲ್ಲಿ ಸುತ್ತಾಡುತ್ತಿವೆ. 'ಆದ್ದರಿಂದ ಬಲಗೈಯೇ ತುಂಬಬೇಕು' ಎಂದು ಒಬ್ಬರು ಇದನ್ನು ಬಳಸುತ್ತಾರೆ. 'ಆದ್ದರಿಂದ ಕೈ ಬದಲಿಸುವ ಸರ್ಕಸ್ಸೇ ಬೇಡ' ಎಂದು ಇನ್ನೊಬ್ಬರು ಅದನ್ನೇ ಬಳಸುತ್ತಾರೆ. ಎದುರುಬದುರು ತೀರ್ಮಾನಗಳಿಗೆ ಒಂದೇ ಅಂಕಿ ಒದಗುತ್ತಿದೆ ಎಂದರೆ ಅದನ್ನು ಅನುಮಾನಿಸಬೇಕಲ್ಲವೇ? ಚಳಿಗಾಲದ ಒಲಿಂಪಿಕ್ಸ್‌ನ ಬಯಾಥ್ಲಾನ್ ಪಂದ್ಯವನ್ನು ನೋಡಿ. ಹಿಮದ ಮೇಲೆ ಸ್ಕೀ ಓಟ ಓಡಿ, ಏದುಸಿರು ಬಿಡುತ್ತಲೇ ಬಂದು ನಿಂತ ಸ್ಪರ್ಧಿ 50 ಮೀಟರ್ ದೂರದ ಪುಟ್ಟ ಗುರಿಗಳಿಗೆ ಹೊಡೆಯುತ್ತಾರೆ. ಅವರ ನಾಡಿ 115ಕ್ಕಿಂತ ಬಹಳ ಮೇಲಿರುತ್ತದೆ, ಬೆರಳು ಮಾತ್ರ ಹೇಳಿದ ಹಾಗೆ ಕೇಳುತ್ತದೆ. ಭಯದಿಂದ ಕೈ ನಡುಗುವುದು ಸುಳ್ಳಲ್ಲ. ಆದರೆ ಓಡಿದ್ದರಿಂದ ಏರಿದ ನಾಡಿಯೂ ಹೆದರಿಕೆಯಿಂದ ಏರಿದ ನಾಡಿಯೂ ಒಂದೇ ಅಲ್ಲ. ಕೌಶಲಕ್ಕೆ ಒಂದು ಗೆರೆ ಎಳೆದು 'ಇಲ್ಲಿಗೆ ಮುಗಿಯಿತು' ಎನ್ನಲು ನಾಡಿಬಡಿತವೊಂದೇ ಸಾಲದು.

ಈ ಚರ್ಚೆಯಲ್ಲಿ ಯಾವಾಗಲೂ ಎಳೆದು ತರುವ ಘಟನೆ ನ್ಯೂಹಾಲ್‌ನದು. 1970ರ ಏಪ್ರಿಲ್ 5ರ ರಾತ್ರಿ ಕಳೆದು 6 ಕಾಲಿಡುವ ಹೊತ್ತಿಗೆ, ಕ್ಯಾಲಿಫೋರ್ನಿಯಾದ ನ್ಯೂಹಾಲ್ ಬಳಿ ಹೆದ್ದಾರಿ ಗಸ್ತಿನ ನಾಲ್ವರು ಪೊಲೀಸರು ಇಬ್ಬರು ದುಷ್ಕರ್ಮಿಗಳ ಗುಂಡಿಗೆ ಬಲಿಯಾದರು. ಅವರಲ್ಲೊಬ್ಬರು ಸಾಯುವ ಮುನ್ನ ಚೀಲದಿಂದ ಬಿಡಿ ತೋಟಾ ತೆಗೆದು ರಿವಾಲ್ವರಿಗೆ ತುಂಬುತ್ತಿದ್ದರು. ಅವರ ಜೇಬಿನಲ್ಲಿ ಖಾಲಿ ಚಿಪ್ಪುಗಳು ಸಿಕ್ಕವು, ಅಭ್ಯಾಸದ ಮೈದಾನದಲ್ಲಿ ಚಿಪ್ಪುಗಳನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ ಚಟ ಅವರನ್ನು ಕೊಂದಿತು ಎಂಬ ಕಥೆ ಆಮೇಲೆ ತರಬೇತಿ ಶಾಲೆಗಳಲ್ಲೆಲ್ಲ ಹರಡಿತು. ಘಟನೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿದವರು ಚಿಪ್ಪುಗಳು ನೆಲದ ಮೇಲಿದ್ದವೆಂದು ತೋರಿಸಿದ್ದಾರೆ. ಕಥೆ ಇನ್ನೂ ಸತ್ತಿಲ್ಲ. ಸತ್ತ ಮನುಷ್ಯನ ತಲೆಗೆ ಹೊರಿಸಿದ ತಪ್ಪು ಇದು. ನೀತಿಪಾಠಕ್ಕೆ ಒದಗುತ್ತದೆ ಎಂಬ ಕಾರಣಕ್ಕೆ ಅದನ್ನು ಉಳಿಸಿಕೊಂಡಿರುವುದು ನನಗೆ ಅಸಹ್ಯವೆನಿಸುತ್ತದೆ. ಗಸ್ತು ಇಲಾಖೆ ಆ ಬಳಿಕ ಆರು ತೋಟಾಗಳನ್ನು ಒಟ್ಟಿಗೆ ಇಳಿಸುವ ಸ್ಪೀಡ್ ಲೋಡರನ್ನು ಬಳಕೆಗೆ ತಂದಿತು. ಪಾಠ ಇದ್ದದ್ದು ಅಲ್ಲಿ. ಆರು ಸಲ ಗುರಿ ಹಿಡಿಯಬೇಕಾದ ಕಡೆ ಒಂದೇ ಸಲ ಹಿಡಿದರೆ ಸಾಕು ಎಂದಾದಾಗ ಬಲಗೈಗೂ ಎಡಗೈಗೂ ನಡುವಿನ ಅಂತರ ಬಹುಮಟ್ಟಿಗೆ ಕುಗ್ಗುತ್ತದೆ. ಬಿಡಿ ತೋಟಾ ಆದರೆ ಪಳಗಿದ ಕೈ, ಲೋಡರೋ ಕ್ಲಿಪ್ಪೋ ಆದರೆ ಯಾವ ಕೈಯಾದರೂ ಸರಿ ಎನ್ನುವುದು ನನ್ನ ಅಭಿಪ್ರಾಯ. ಈ ಭೇದವನ್ನೇ ಮಾಡದೆ ಸಾರಾಸಗಟಾಗಿ ಒಂದು ಕೈಯನ್ನು ವಿಧಿಸುವ ಕೈಪಿಡಿ ಅಪೂರ್ಣ.

ಇನ್ನೊಂದು ಕಥೆಯೂ ಇದೆ, ಇದು ಸ್ವಲ್ಪ ತಮಾಷೆಯದು. 1873ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರಿನ ಸಿಲಿಂಡರ್ ಹೊರಳುವುದಿಲ್ಲ. ಬಲಬದಿಯಲ್ಲಿ ಒಂದು ಪುಟ್ಟ ಬಾಗಿಲು. ಅದನ್ನು ತೆರೆದು ಒಂದೊಂದೇ ತೋಟಾ ಹಾಕಬೇಕು. ಬಲಗೈಯವರು ಅದಕ್ಕಾಗಿ ಪಿಡಿಯನ್ನು ಎಡಗೈಗೆ ದಾಟಿಸುತ್ತಾರೆ. ಎಡಚರಿಗೆ ದಾಟಿಸುವ ಕೆಲಸವೇ ಇಲ್ಲ. ಹಾಗಾಗಿ ಸ್ಯಾಮ್ಯುಯೆಲ್ ಕೋಲ್ಟ್ ಎಡಚನಾಗಿದ್ದ, ತನಗೆ ಬೇಕಾದಂತೆ ಮಾಡಿಕೊಂಡ ಎಂದು ಹೇಳುವವರಿದ್ದಾರೆ. ಕೋಲ್ಟ್ ತೀರಿಕೊಂಡದ್ದು 1862ರ ಜನವರಿಯಲ್ಲಿ. ಈ ರಿವಾಲ್ವರಿನ ವಿನ್ಯಾಸ ಅವನ ಕಂಪನಿಯಲ್ಲಿದ್ದ ವಿಲಿಯಂ ಮೇಸನ್‌ದು. ಬಾಗಿಲು ಬಲಕ್ಕೇಕೆ ಬಂತು ಎನ್ನುವುದಕ್ಕೆ ಹಿಂದಿನ ಮಾದರಿಗಳನ್ನು ನೋಡಿದರೆ ಸಾಕು. ಮದ್ದು, ಗುಂಡು ಬೇರೆಬೇರೆಯಾಗಿ ತುಂಬುತ್ತಿದ್ದ 1851ರ ನೇವಿ ರಿವಾಲ್ವರಿನಲ್ಲಿ ಕಿಡಿ ಹೊತ್ತಿಸುವ ತಾಮ್ರದ ಪುಟ್ಟ ಟೊಪ್ಪಿಗೆಗಳನ್ನು ಕೂರಿಸುವ ಸಂದೂ ಬಲಬದಿಯಲ್ಲೇ ಇತ್ತು. ಕಾಳಿನಷ್ಟು ಚಿಕ್ಕ ಆ ಟೊಪ್ಪಿಗೆಯನ್ನು ಹಿಡಿಯಲು ಬಲಗೈ ಬೆರಳುಗಳೇ ಬೇಕು ಎಂದು ವಿನ್ಯಾಸಕಾರರು ಎಣಿಸಿದ್ದಿರಬೇಕು; ಬಾಗಿಲು ಬಂದಾಗ ಅದೇ ಸಂದಿಗೆ ಬಂದು ಕೂತಿತು. ಸೋಜಿಗವೆಂದರೆ 'ಎಡಚರಿಗಾಗಿ ಮಾಡಿದ್ದು' ಎನ್ನುವ ಈ ಯಂತ್ರದಲ್ಲಿ ಎಡಚರು ತೋಟಾ ಹಾಕುವುದು ತಮ್ಮ ಪಳಗದ ಬಲಗೈಯಿಂದ!

ಮೇಲಿನಿಂದ ಮಡಚಿ ತೆರೆಯುವ ಬ್ರಿಟಿಷ್ ವೆಬ್ಲಿ ಮಾದರಿಯಲ್ಲಿ ಈ ಜಗಳಕ್ಕೆ ಹೆಚ್ಚಿನ ಎಡೆಯಿಲ್ಲ. ಚಿಲಕ ತೆಗೆದು ನಳಿಗೆಯನ್ನು ಬಗ್ಗಿಸಿದರೆ ಚಿಪ್ಪುಗಳು ತಾವಾಗಿ ಹೊರಬೀಳುತ್ತವೆ, ಸಿಲಿಂಡರ್ ನಟ್ಟನಡುವೆ ನಿಲ್ಲುತ್ತದೆ, ಎರಡೂ ಕೈಗೆ ಸಮಾನ ದೂರ. ಚಿಲಕದ ಸನ್ನೆ ಮಾತ್ರ ಎಡಬದಿಯಲ್ಲಿದೆ. ನಮ್ಮ ದೇಶದಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ಹೊರತಂದ, ಸುಮಾರು ಅರ್ಧ ಕಿಲೋ ತೂಕದ 'ನಿರ್ಭೀಕ್' ರಿವಾಲ್ವರ್ ಈ ಸಂತತಿಯದೇ. ಅದರ ಪ್ರಚಾರದಲ್ಲಿ ತೂಕ, ಟೈಟಾನಿಯಂ, ಒಡವೆಪೆಟ್ಟಿಗೆಯಂಥ ಡಬ್ಬ ಇವೆಲ್ಲ ಬಂದವು. ಚಿಕ್ಕ ಅಂಗೈಗೆ ಸನ್ನೆ ಎಟಕುವುದೇ, ಮಡಚಲು ಬೇಕಾದ ಬಲ ಎಷ್ಟು ಎನ್ನುವುದಲ್ಲವೇ ಮೊದಲು ಹೇಳಬೇಕಾದದ್ದು?

ಇಷ್ಟೆಲ್ಲದರ ನಡುವೆ ಎಡಚರು ಎಲ್ಲಿ? 2020ರಲ್ಲಿ ಪ್ರಕಟವಾದ, 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಕಲೆಹಾಕಿದ ವಿಶ್ಲೇಷಣೆಯ ಪ್ರಕಾರ ಎಡಚರ ಪ್ರಮಾಣ ಶೇ. 10.6. ಹತ್ತು ಜನರ ತರಗತಿಯಲ್ಲಿ ಒಬ್ಬರು. ಕೈಪಿಡಿಗಳು ಅವರಿಗೆಂದು ಒಂದು ಸಾಲು ಬರೆದಿದ್ದರೆ ಅದು 'ಎಡ ಇದ್ದಲ್ಲಿ ಬಲ, ಬಲ ಇದ್ದಲ್ಲಿ ಎಡ ಎಂದು ಓದಿಕೊಳ್ಳಿ' ಎನ್ನುವ ಧಾಟಿಯದು. ಓದುವವರು ಅದಲುಬದಲಾಗಬಹುದು, ರಿವಾಲ್ವರ್ ಅದಲುಬದಲಾಗುವುದಿಲ್ಲವಲ್ಲ! ಎಡಗೈಯಲ್ಲಿ ಹಿಡಿದಾಗ ಹೆಬ್ಬೆರಳು ಬಲಬದಿಗೆ ಹೋಗುತ್ತದೆ, ಚಿಲಕ ಎಡಬದಿಯಲ್ಲೇ ಉಳಿಯುತ್ತದೆ. ಅದನ್ನು ಒತ್ತಲು ತೋರುಬೆರಳನ್ನು ಹಿಂದಕ್ಕೆ ಮಡಚಬೇಕು, ಇಲ್ಲವೇ ಬಲಗೈಯ ಹೆಬ್ಬೆರಳನ್ನು ಅತ್ತ ತರಬೇಕು. ಅಮೆರಿಕದ ಚಾರ್ಟರ್ ಆರ್ಮ್ಸ್ ಕಂಪನಿ ಕನ್ನಡಿಬಿಂಬದಂತೆ ತಿರುವಿದ 'ಸೌತ್‌ಪಾ' ಎಂಬ ರಿವಾಲ್ವರನ್ನು ಮಾರುಕಟ್ಟೆಗೆ ತಂದದ್ದು 2000ರ ದಶಕದ ಕೊನೆಯಲ್ಲಿ. ಅಂದರೆ ಹೊರಳುವ ಸಿಲಿಂಡರ್ ಬಂದು ನೂರು ವರ್ಷ ಕಳೆದ ಮೇಲೆ.

ಸಾಮಾನ್ಯ ರಿವಾಲ್ವರನ್ನೇ ಬಳಸಬೇಕಾದ ಎಡಚರಿಗೆ ಎರಡು ದಾರಿಗಳಿವೆ. ಎಡಗೈಯಲ್ಲೇ ಉಳಿಸಿಕೊಂಡು ಬಲಗೈಯಿಂದ ತುಂಬುವುದು ಒಂದು. ಬಲಗೈಗೆ ದಾಟಿಸಿ, ಚಿಲಕವನ್ನು ಬಲ ಹೆಬ್ಬೆರಳಿನಿಂದಲೇ ಒತ್ತಿ, ಪಳಗಿದ ಎಡಗೈಯಿಂದ ತುಂಬುವುದು ಇನ್ನೊಂದು. ಎರಡನೆಯದರಲ್ಲಿ ಸಿಲಿಂಡರ್ ಹೊರಳುವ ಬದಿಯೂ ತುಂಬುವ ಕೈಯ ಬದಿಯೂ ಒಂದೇ ಆಗುವುದರಿಂದ ಬಿಡಿ ತೋಟಾಗಳಿಗೆ ಅದೇ ಹೆಚ್ಚು ಒಪ್ಪುತ್ತದೆ. ಹಾಗೆ ತುಂಬುವವರ ತೋಟಾ ಚೀಲ ಸೊಂಟದ ಎಡಬದಿಯಲ್ಲಿರಬೇಕು; ಸಮವಸ್ತ್ರದ ನಿಯಮ ಎಲ್ಲರಿಗೂ ಬಲಬದಿ ಎಂದು ಹೇಳಿದ್ದರೆ ಮೊದಲು ತಿದ್ದಬೇಕಾದದ್ದು ಆ ನಿಯಮವನ್ನು.