ಶಾಸನದ ಫೋಟೋಗೆ ಯಾವ ಟ್ರೈಪಾಡ್? ಒಂದು ತಕರಾರು

ಶಾಸನದ ಪಾಠದ ಬಗ್ಗೆ ನಾವು ತಿಂಗಳುಗಟ್ಟಲೆ ಜಗಳ ಆಡ್ತೀವಿ. ಆದರೆ ಆ ಪಾಠವನ್ನು ಯಾವ ಫೋಟೋ ನೋಡಿ ಓದಿದ್ದು, ಆ ಫೋಟೋವನ್ನು ಹೇಗೆ ತೆಗೆದದ್ದು ಅಂತ ಕೇಳುವವರು ಕಡಿಮೆ. ಪಡಿಯಚ್ಚು ತೆಗೆಯುವ ಕಾಲದಲ್ಲಿ ಕಾಗದ, ಮಸಿ, ಬ್ರಷ್ಷು ಎಲ್ಲದರ ಬಗ್ಗೆಯೂ ಚರ್ಚೆ ಇತ್ತು. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ, ಇಲ್ಲವೇ ಮೊಬೈಲು. ಅದರ ಕೆಳಗೆ ನಿಲ್ಲಬೇಕಾದ ಮುಕ್ಕಾಲಿಯ ಬಗ್ಗೆ ಮಾತ್ರ ಮಾತಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಗುವ ಟ್ರೈಪಾಡ್ ವಿಮರ್ಶೆಗಳೆಲ್ಲ ಬೆಟ್ಟ ಹತ್ತುವವರಿಗೆ, ಸೂರ್ಯಾಸ್ತ ಹಿಡಿಯುವವರಿಗೆ ಬರೆದವು. ಪೊದೆಯೊಳಗೆ ಓರೆಯಾಗಿ ಅರ್ಧ ಹೂತಿರುವ ಕಲ್ಲಿನ ಮುಂದೆ ಆ ಸಲಹೆಗಳು ಎಷ್ಟು ನಿಲ್ಲುತ್ತವೆ ಅನ್ನೋದು ನನ್ನ ತಕರಾರು.

ಮೊದಲು ನನ್ನದೇ ತಪ್ಪು ಒಪ್ಪಿಕೊಳ್ತೀನಿ. ನಮ್ಮೂರು ವಿಜಯಪುರ. ಆದಿಲ್‌ಶಾಹಿಗಳ ವಿಜಯಪುರ ಅಲ್ಲ, ದೇವನಹಳ್ಳಿ ತಾಲೂಕಿನದು, ಹಿಂದೆ ವಡಿಗೇನಹಳ್ಳಿ ಅಂತ ಇದ್ದದ್ದು. ಇಲ್ಲಿಂದ ಬೈಕಿನಲ್ಲಿ ಕಾಲು ಗಂಟೆ ದೂರದ ಒಂದು ಊರಿನಲ್ಲಿ, ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಕೆರೆಯ ಕಟ್ಟುಕೊಡಗೆಯ ಒಂದು ಸಣ್ಣ ಶಾಸನ ಇದೆ. ರಾಜನ ಹೆಸರಿನ ಭಾಗ ಒಡೆದುಹೋಗಿದೆ. ಸಂವತ್ಸರದ ಸಾಲು ಸವೆದಿದೆ. ಶಕವರ್ಷದ ಅಂಕಿಗಳು ಮಾತ್ರ ಕಾಣಿಸ್ತವೆ. ಮೊದಲ ಸಲ ಹೋದಾಗ ಟ್ರೈಪಾಡ್ ಭಾರ ಅಂತ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಸಂಜೆ ಐದೂವರೆ, ಮೋಡ ಬೇರೆ. ಕೈಯಲ್ಲೇ ಹಿಡಿದು ಹತ್ತು ಹನ್ನೆರಡು ಫೋಟೋ ಹೊಡೆದೆ. ಮನೆಗೆ ಬಂದು ೧೩೯೫ ಅಂತ ಓದಿದೆ. ಅಂದರೆ ಕ್ರಿ.ಶ. 1473, ಎರಡನೆಯ ವಿರೂಪಾಕ್ಷನ ಕಾಲ. ಗತ ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಾಂಕ ಅಲ್ವಾ? 1395ಕ್ಕೆ 27 ಉಳಿಯುತ್ತೆ, ವಿಜಯ ಸಂವತ್ಸರ. ವಿಜಯಪುರದವನಿಗೆ ವಿಜಯ ಸಂವತ್ಸರ ಸಿಕ್ಕಿತು ಅಂತ ಖುಷಿಪಟ್ಟು, ಇದ್ದ ಅನುಮಾನವನ್ನೂ ನುಂಗಿಕೊಂಡು ನಾಲ್ಕು ಜನರಿಗೆ ಕಳಿಸಿಬಿಟ್ಟೆ. ಶಾಸನ ಓದುವುದರಲ್ಲಿ ತಲೆ ನೆರೆಸಿದ ಹಿರಿಯರೊಬ್ಬರು ಒಂದೇ ಸಾಲು ಬರೆದರು: "ಸಂವತ್ಸರ ಕಲ್ಲಿನ ಮೇಲೆ ಓದಿದ್ಯೋ, ಲೆಕ್ಕ ಹಾಕಿದ್ಯೋ?"

ಲೆಕ್ಕ ಹಾಕಿದ್ದೆ.

ಮುಂದಿನ ತಿಂಗಳು ಸ್ನೇಹಿತರ ಟ್ರೈಪಾಡ್ ಎರವಲು ತಗೊಂಡು ಹೋದೆ. ಸಂಜೆ ಬೆಳಕು ಇಳಿದ ಮೇಲೆ ಕ್ಯಾಮೆರಾ ಅಲ್ಲಾಡದ ಹಾಗೆ ನಿಲ್ಲಿಸಿ, ಟಾರ್ಚನ್ನು ಒಂದೊಂದು ದಿಕ್ಕಿನಿಂದ ಕಲ್ಲಿಗೆ ಓರೆಯಾಗಿ ಹಿಡಿದು ಎಂಟು ಫೋಟೋ ತೆಗೆದೆ. ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸ ಬಾಲ ಎತ್ತ ತಿರುಗಿದೆ ಅನ್ನೋದರಲ್ಲಿ ಮಾತ್ರ. ಎಡಗಡೆಯಿಂದ ಬೆಳಕು ಬಿದ್ದ ಫೋಟೋದಲ್ಲಿ ಆ ಬಾಲ ಸ್ಪಷ್ಟವಾಗಿ ೬ರದ್ದು. ನಾನು ೯ರ ಬಾಲ ಅಂದುಕೊಂಡಿದ್ದು ಕಲ್ಲಿನ ಚಕ್ಕೆ ಎದ್ದ ಜಾಗ. ಕೆಳಗಿನಿಂದ ಬೆಳಕು ಬಿದ್ದ ಫೋಟೋದಲ್ಲಿ ಸವೆದ ಸಾಲಿನ ಕೊನೆಗೆ 'ದ್ಗಾರಿ' ಅಂತ ಮೂಡಿತು. 1365ಕ್ಕೆ 12 ಸೇರಿಸಿದರೆ 1377, ಶೇಷ 57, ರುಧಿರೋದ್ಗಾರಿ. ಕಲ್ಲೂ ಲೆಕ್ಕವೂ ಒಂದಾಯ್ತು. ಕ್ರಿ.ಶ. 1443, ಇಮ್ಮಡಿ ದೇವರಾಯ ಇನ್ನೂ ಬದುಕಿದ್ದ ಕಾಲ. ಮೂವತ್ತು ವರ್ಷದ ವ್ಯತ್ಯಾಸ, ಒಂದು ಬಾಲಕ್ಕೆ.

ಈಗ ಇಂಜಿನಿಯರ್ ಲೆಕ್ಕಕ್ಕೆ ಬರೋಣ. 1.2 ಮೀಟರ್ ಎತ್ತರದ ಕಲ್ಲನ್ನು 6000 ಪಿಕ್ಸೆಲ್‌ಗಳಲ್ಲಿ ಹಿಡಿದರೆ ಒಂದು ಪಿಕ್ಸೆಲ್‌ಗೆ 0.2 ಮಿಲಿಮೀಟರ್. ಅಕ್ಷರದ ಗೀರು 3 ಮಿಲಿಮೀಟರ್ ಅಗಲ ಇದ್ದರೆ 15 ಪಿಕ್ಸೆಲ್. ಕೈ ಅಲ್ಲಾಡಿ 5 ಪಿಕ್ಸೆಲ್ ಸರಿದರೆ ಗೀರಿನ ಮೂರನೇ ಒಂದು ಭಾಗ ಕಲಸಿಹೋಯ್ತು. ಸವೆದ ಶಾಸನದಲ್ಲಿ ಉಳಿದಿರೋದೇ ಅಷ್ಟು. ಐಎಸ್‌ಒ 100, ಎಫ್ 8 ಇಟ್ಟರೆ ಮುಸ್ಸಂಜೆಯಲ್ಲಿ ಶಟರ್ ಕಾಲು ಸೆಕೆಂಡೋ ಅರ್ಧ ಸೆಕೆಂಡೋ ತೆರೆದಿರಬೇಕಾಗುತ್ತೆ. ಐಎಸ್‌ಒ ಏರಿಸಿದರೆ ಕಾಳುಕಾಳಾಗಿ ಕಲ್ಲಿನ ಮೈಗೂ ಅಕ್ಷರಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಮೊಬೈಲಿನ ಕತೆ ಇನ್ನೂ ಕಷ್ಟ. ಅದು ಹಲವು ಫ್ರೇಮ್ ಸೇರಿಸಿ, ಅಂಚುಗಳನ್ನು ತಾನೇ ತಿದ್ದಿ 'ಚೂಪು' ಮಾಡಿಕೊಡುತ್ತೆ. ನೋಡೋಕೆ ಚೆಂದ. ಆದರೆ ಆ ಅಂಚು ಕಲ್ಲಿನದೋ ಮೊಬೈಲಿನದೋ ಹೇಳೋರು ಯಾರು?

ಓರೆ ಬೆಳಕಿನ ಹಲವು ಫೋಟೋಗಳನ್ನು ಸೇರಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿಕೊಂಡು ಓದುವ ವಿಧಾನ ಇದೆ. ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದದ್ದು. ಅದಕ್ಕೆ ಮೂವತ್ತು ನಲವತ್ತು ಫೋಟೋ ಬೇಕು, ಆ ಅಷ್ಟೂ ಹೊತ್ತು ಕ್ಯಾಮೆರಾ ಒಂದು ಪಿಕ್ಸೆಲ್ ಕೂಡ ಸರಿಯಬಾರದು. ಇದಕ್ಕೆ ತದ್ವಿರುದ್ಧವಾದದ್ದು ಸುತ್ತ ನಡೆದು ಫೋಟೋ ತೆಗೆದು ಮೂರು ಆಯಾಮದ ಮಾದರಿ ಕಟ್ಟುವ ವಿಧಾನ. ಒಳ್ಳೆ ಬೆಳಕಿದ್ದರೆ ಅಲ್ಲಿ ಟ್ರೈಪಾಡ್ ಅಡ್ಡಿಯೇ. ಬೆಂಗಳೂರು ಸುತ್ತಿನ ಶಾಸನಗಳನ್ನು ಮಿಥಿಕ್ ಸೊಸೈಟಿ 2021ರಿಂದ ಸ್ಕ್ಯಾನರ್ ಹಿಡಿದು ದಾಖಲಿಸುತ್ತಿದೆ. ಆ ಸ್ಕ್ಯಾನರ್ ನಮ್ಮಂಥವರ ಕೈಗೆ ಎಟುಕೋದಲ್ಲ. ಹಾಗಾಗಿ ಟ್ರೈಪಾಡೇ ಗತಿ.

ಅಂಗಡಿಯವರು ಮೊದಲು ಹೇಳೋದು 'ಇಷ್ಟು ಕೆಜಿ ಹೊರುತ್ತೆ' ಅಂತ. ಈ ಸಂಖ್ಯೆಯನ್ನು ನಂಬಬೇಡಿ. ಇದನ್ನು ಅಳೆಯೋಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಪದ್ಧತಿ ಇಲ್ಲ. 8 ಕೆಜಿ ಹೊತ್ತು ಮುರಿಯದೆ ನಿಲ್ಲೋದು ಬೇರೆ, 1 ಕೆಜಿ ಕ್ಯಾಮೆರಾ ಹೊತ್ತು ನಡುಗದೆ ನಿಲ್ಲೋದು ಬೇರೆ. ನಮಗೆ ಬೇಕಾದದ್ದು ಬಿಗಿತನ. ತೆಳು ಗೋಡೆಯ ಕೊಳವೆಯ ಬಿಗಿತನ ಅದರ ವ್ಯಾಸದ ಘನಕ್ಕೆ ಅನುಗುಣ. 22 ಮಿಲಿಮೀಟರ್ ಕೊಳವೆ ಅಷ್ಟೇ ದಪ್ಪ ಗೋಡೆಯ 13 ಮಿಲಿಮೀಟರ್ ಕೊಳವೆಗಿಂತ ಸುಮಾರು ಐದು ಪಟ್ಟು ಬಿಗಿ. ಪ್ರಯಾಣದ ಟ್ರೈಪಾಡ್‌ನ ಕಾಲಿನಲ್ಲಿ ನಾಲ್ಕೋ ಐದೋ ತುಂಡು, ಕೊನೆಯದು ಕಡ್ಡಿಯ ಹಾಗೆ. ಆ ಕೊನೆಯ ತುಂಡನ್ನು ಎಳೆಯದೇ ಬಿಡೋದು ನಾನು ಕಲಿತ ಮೊದಲ ಪಾಠ. ನಡುವಿನ ಕಂಬ ಎತ್ತೋದು ಇನ್ನೂ ಕೆಟ್ಟದ್ದು. ಉದ್ದ ಎರಡು ಪಟ್ಟಾದರೆ ಬಾಗುವಿಕೆ ಎಂಟು ಪಟ್ಟು. ವೀರಗಲ್ಲೋ ದಾನಶಾಸನವೋ, ನಮ್ಮ ಕಡೆಯ ಕಲ್ಲುಗಳು ಹೆಚ್ಚಾಗಿ ಸೊಂಟದ ಮಟ್ಟಕ್ಕಿಂತ ಕೆಳಗೇ. ಹೀಗಿರುವಾಗ ವಿಮರ್ಶಕರು '150 ಸೆಂಟಿಮೀಟರ್ ಎತ್ತರ ಸಾಲದು' ಅಂತ ಅಂಕ ಕಳೆಯೋದು ನಮಗೆ ಸಂಬಂಧವೇ ಇಲ್ಲದ ಮಾತು. ಎಷ್ಟು ಕೆಳಗೆ ಕೂರುತ್ತೆ ಅಂತ ಕೇಳಿ.

ಈ ಕಣ್ಣಿನಿಂದ ನೋಡಿದರೆ ಹೊಗಳಿಸಿಕೊಂಡ ಮಾದರಿಗಳ ಲೆಕ್ಕ ಬದಲಾಗುತ್ತೆ. ಮ್ಯಾನ್‌ಫ್ರಾಟ್ಟೋದ ಬೀಫ್ರೀ ಅಡ್ವಾನ್ಸ್ಡ್ ಅಲ್ಯೂಮಿನಿಯಂ ಸುಮಾರು 1.5 ಕೆಜಿ, ಮಡಚಿದರೆ 40 ಸೆಂಟಿಮೀಟರ್. ನಮ್ಮ ಬಳಕೆಗೆ ಹದವಾದ ತೂಕ, ಆದರೆ ಕಂಬ ನೆಟ್ಟಗೆ ಮಾತ್ರ ನಿಲ್ಲುತ್ತೆ. ಪೀಕ್ ಡಿಸೈನ್‌ನವರ ಟ್ರಾವೆಲ್ ಟ್ರೈಪಾಡ್ 2019ರಲ್ಲಿ ಬಂದಾಗ ಕಾರ್ಬನ್ ಮಾದರಿಗೆ 600 ಡಾಲರ್, ಅಲ್ಯೂಮಿನಿಯಂಗೆ 350. ಕಾರ್ಬನ್ ಸುಮಾರು 1.3 ಕೆಜಿ, ಅಲ್ಯೂಮಿನಿಯಂ 1.6ರ ಹತ್ತಿರ. ಮಡಚುವ ಜಾಣ್ಮೆಗೆ ಕೈ ಮುಗಿಯಬೇಕು, ನೀರಿನ ಬಾಟಲಿಯಷ್ಟೇ ದಪ್ಪ. ಆದರೆ ಅದರ ತಲೆಗೆ ಬೇರೆಯಾಗಿ ಅಡ್ಡ ತಿರುಗುವ ಬುಡ ಇಲ್ಲ. ಉದ್ದ ಶಾಸನವನ್ನು ಭಾಗ ಭಾಗವಾಗಿ ತೆಗೆದು ಜೋಡಿಸುವವನಿಗೆ ಅದು ನಿಜವಾದ ಕೊರತೆ. 300 ಗ್ರಾಂ ಉಳಿಸೋಕೆ 250 ಡಾಲರ್ ಹೆಚ್ಚು ಕೊಡೋದು ಹಿಮಾಲಯ ಹತ್ತುವವನಿಗೆ ಸರಿ, ಬೈಕಿನಲ್ಲಿ ಹೋಗುವವನಿಗೆ ಅಲ್ಲ. ಆ ದುಡ್ಡಿಗೆ ಒಳ್ಳೆ ಟಾರ್ಚ್, ಮೃದು ಬ್ರಷ್ಷು, ಇನ್ನೂ ಹತ್ತು ಊರಿಗೆ ಪೆಟ್ರೋಲ್ ಬರುತ್ತೆ.

ದೇವಸ್ಥಾನದ ನೆಲಕ್ಕೆ ಹಾಸಿದ ಕಲ್ಲು, ಮಲಗಿಬಿದ್ದ ಕಲ್ಲು ಇವಕ್ಕೆ ಮಾತ್ರ ನಡುವಿನ ಕಂಬ ಅಡ್ಡಕ್ಕೆ ತಿರುಗುವ ಟ್ರೈಪಾಡೇ ಬೇಕು. ಮ್ಯಾನ್‌ಫ್ರಾಟ್ಟೋದ 190 ಸರಣಿಯಲ್ಲಿ ಅದು ಇದೆ, ಆದರೆ ತಲೆ ಬಿಟ್ಟೇ 2 ಕೆಜಿ. ನಾನು ಎರವಲು ತಂದದ್ದು ಅಂಥದ್ದೇ ಒಂದು. ಕೆಲಸಕ್ಕೆ ಅದೇ ಉತ್ತಮ. ಆದರೆ 'ಇವತ್ತು ಬೇಡ ಬಿಡು, ಭಾರ' ಅಂತ ಮನೆಯಲ್ಲಿ ಉಳಿಯೋದೂ ಅದೇ.

ಇನ್ನು ಯಾವ ವಿಮರ್ಶೆಯಲ್ಲೂ ಇಲ್ಲದ ಒಂದು ವಿಷಯ. ನಮ್ಮ ತಾಲೂಕಿನಲ್ಲಿ ಮೂರು ಕಾಲಿನ ಮೇಲೆ ಏನಾದರೂ ನಿಲ್ಲಿಸಿದರೆ ಅದು ಸರ್ವೆ. ಪಕ್ಕದ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು 2022ರಿಂದ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡೋದಾಗಿ ಹೇಳಿತು. ಅಂಥ ಕಡೆ ತೋಟದ ಬದುವಿನಲ್ಲಿ ಟ್ರೈಪಾಡ್ ಬಿಚ್ಚಿದರೆ ಏನಾಗುತ್ತೆ? ಎರಡನೇ ಸಲ ಹೋದಾಗ ಹಿರಿಯರೊಬ್ಬರು ಸೊಪ್ಪಿನ ಹೊರೆ ಇಳಿಸಿ ನೇರ ಬಂದರು. "ಏನ್ ಸ್ವಾಮಿ, ಜಮೀನು ಅಳೆಯಾಕ್ ಬಂದ್ರಾ? ಯಾರ್ ಕಳ್ಸಿದ್ದು?" ಕೋಪದಲ್ಲಿ ತಪ್ಪೇನೂ ಇರಲಿಲ್ಲ. ಕ್ಯಾಮೆರಾದ ಪರದೆಯಲ್ಲಿ ಅಕ್ಷರ ತೋರಿಸಿ, ಅವರ ಕೆರೆಯ ಬಗ್ಗೆ ಬರೆದದ್ದು ಅಂತ ಓದಿ ಹೇಳಿದೆ. "ಅಜ್ಜನ ಕಾಲದಿಂದ ಐತೆ ಈ ಕಲ್ಲು, ಕೆರೆದು ಅಂತ ಗೊತ್ತಿರ್ಲಿಲ್ಲ" ಅಂದರು. ಆಮೇಲೆ ಟಾರ್ಚ್ ಹಿಡಿದದ್ದು ಅವರೇ. ಹಾಗಾಗಿ ನನ್ನ ಸಲಹೆ: ಹಳದಿ, ಕೆಂಪು ಬಣ್ಣದ ದೊಡ್ಡ ಕಾಲುಗಳು ಬೇಡ. ಚಿಕ್ಕದು, ಕಪ್ಪುಬಣ್ಣದ್ದು ತಗೊಳ್ಳಿ. ಊರಿನವರ ಜೊತೆ ಮಾತಾಡಿದ ಮೇಲೇ ಚೀಲದಿಂದ ತೆಗೀರಿ. ಭೋಗನಂದೀಶ್ವರದಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಬೇಕು, ಅದು ಬೇರೆ ಮಾತು.

ಕೊನೆಗೆ ನಾನು ಕೊಂಡದ್ದು ಒಂದೂವರೆ ಕೆಜಿಯ, ನಾಲ್ಕು ತುಂಡಿನ ಕಾಲಿನ ಅಲ್ಯೂಮಿನಿಯಂ. ಕಂಪನಿ ಹೆಸರು ಬೇಡ, ಯಾಕಂದರೆ ಬೈಯೋದೂ ಇದೆ. ರಬ್ಬರ್ ಪಾದಗಳು ನೀರು ಹಾಯಿಸಿದ ತೋಟದಲ್ಲಿ ಹೂತುಹೋಗ್ತವೆ. ಮೂರು ಹೆಂಚಿನ ಚೂರು ಜೊತೆಗಿಟ್ಟುಕೊಂಡಿದ್ದೀನಿ. (ಅಲ್ಲೇ ಸಿಕ್ಕ ಚಪ್ಪಟೆ ಕಲ್ಲು ಇಡೋ ಮುಂಚೆ ತಿರುಗಿಸಿ ನೋಡಿ, ಅಕ್ಷರ ಇರಬಹುದು.) ತೂಕಕ್ಕೆ ಅಂತ ಕೊಕ್ಕೆಗೆ ಚೀಲ ನೇತುಹಾಕಿದರೆ ಗಾಳಿಗೆ ತೂಗಾಡಿ ಇನ್ನೂ ನಡುಗುತ್ತೆ. ಚೀಲದ ತಳ ನೆಲ ಮುಟ್ಟುವ ಹಾಗೆ ದಾರ ಕಟ್ಟಿದರೆ ಸರಿಹೋಗುತ್ತೆ. ಶಟರ್‌ಗೆ ಎರಡು ಸೆಕೆಂಡ್ ಟೈಮರ್. ಕ್ಯಾಮೆರಾ ಕಲ್ಲಿನ ಮುಖಕ್ಕೆ ಸಮಾನಾಂತರ ಇದೆಯೋ ಅಂತ ನೋಡೋಕೆ ಕಲ್ಲಿನ ಪಕ್ಕ ಒಂದು ಅಳತೆಪಟ್ಟಿ. ಓರೆ ಕಲ್ಲಾದರೆ ಕ್ಯಾಮೆರಾವನ್ನೂ ಅಷ್ಟೇ ಓರೆ ಮಾಡಿ, ನೀರುಮಟ್ಟದ ಗುಳ್ಳೆಯನ್ನು ಮರೆತುಬಿಡಿ.

ಹೊಸ ಟ್ರೈಪಾಡ್ ಬಂದ ಮೇಲೆ, ಪೂರ್ತಿ ನಲವತ್ತು ಫೋಟೋ ತೆಗೆಯೋಣ ಅಂತ ಆ ಕಟ್ಟುಕೊಡಗೆ ಕಲ್ಲಿನ ಹತ್ತಿರ ಮೂರನೇ ಸಲ ಹೋದೆ. ಕೆರೆಯ ಶಾಸನ ಅಂತ ಗೊತ್ತಾಗಿ ಊರಿನವರಿಗೆ ಭಕ್ತಿ ಬಂದಿತ್ತು. ಕಲ್ಲನ್ನು ಬದುವಿನಿಂದ ಎತ್ತಿ ಗುಡಿಯ ಪಕ್ಕ ಸಿಮೆಂಟ್ ಕಟ್ಟೆಯಲ್ಲಿ ನಿಲ್ಲಿಸಿ, ಮೇಲಿನಿಂದ ಕೆಳಗಿನ ತನಕ ಎನಾಮೆಲ್ ಪೇಂಟ್ ಬಳಿದಿದ್ದರು. 'ದ್ಗಾರಿ' ಇದ್ದ ಸಾಲು ಸಿಮೆಂಟಿನೊಳಗೆ. ಸೊಪ್ಪಿನ ಹೊರೆಯ ಹಿರಿಯರು ಕಾಫಿ ಕೊಟ್ಟು, "ಚೆನ್ನಾಗ್ ಆಗೈತಲ್ವಾ ಸ್ವಾಮಿ?" ಅಂತ ಕೇಳಿದರು. ಎರವಲು ಟ್ರೈಪಾಡ್‌ನಲ್ಲಿ ತೆಗೆದ ಆ ಎಂಟು ಫೋಟೋಗಳನ್ನು ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ, ಗುಡಿಯ ಗೋಡೆಗೆ ಹಾಕೋಕೆ ಅವರಿಗೆ ಕೊಟ್ಟಿದ್ದೀನಿ.