ಗ್ಯಾಸಿನ ಗುಳಿಗಿ ಯಾರಿಗೆ?

"ಅಣ್ಣಾರ, ಎದಿ ಉರಿಯಾಕತ್ತೈತಿ, ಒಂದು ಗ್ಯಾಸಿನ ಗುಳಿಗಿ ಕೊಡ್ರಿ." ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಔಷಧಿ ಅಂಗಡಿಗಳ ಮುಂದೆ ದಿನಾ ಕೇಳುವ ಮಾತಿದು. ಬೇರೇನೂ ವಿಚಾರಿಸದೆ ಪ್ಯಾಂಟೊಪ್ರಜೋಲ್ ಪಟ್ಟಿಯಿಂದ ಎರಡು ಗುಳಿಗೆ ಕತ್ತರಿಸಿ ಕೊಡುವುದು ರೂಢಿ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿ ಅದು. ಈ ರೂಢಿ ಸರಿಯೋ ತಪ್ಪೋ ಎಂದು ತೂಗುವ ಮೊದಲು, ಮೇಲೇರಿದ ಹುಳಿಯೆಲ್ಲ ರೋಗವೇ ಎಂಬುದನ್ನು ಕೇಳಿಕೊಳ್ಳಬೇಕು.

ಜೋಳದ ರೊಟ್ಟಿ, ಎಣಗಾಯಿ, ಹಸಿ ಉಳ್ಳಾಗಡ್ಡಿ ಹೊಟ್ಟೆ ತುಂಬ ಉಂಡಾಗ ಜಠರ ಹಿಗ್ಗುತ್ತದೆ. ಅನ್ನನಾಳದ ಕೆಳತುದಿಯ ಬಿಗಿ ಸ್ನಾಯು ಕೆಲವು ಕ್ಷಣ ತಾನಾಗಿ ಸಡಿಲುತ್ತದೆ. ತೇಗು ಬರುವುದು ಆ ದಾರಿಯಲ್ಲೇ, ಅದರ ಬೆನ್ನಿಗೆ ಒಂದಿಷ್ಟು ಆಮ್ಲವೂ ಏರುತ್ತದೆ. ಗಟ್ಟಿಮುಟ್ಟಾದವರಲ್ಲೂ ದಿನಕ್ಕೆ ಹತ್ತಾರು ಸಲ ಹೀಗಾಗುತ್ತದೆ, ಬಹಳಷ್ಟು ಸಲ ಗೊತ್ತೂ ಆಗುವುದಿಲ್ಲ. ಮೂಗಿನಿಂದ ತೆಳು ನಳಿಕೆ ಇಳಿಸಿ 24 ಗಂಟೆ ಅಳೆಯುವ ಪರೀಕ್ಷೆಯೊಂದಿದೆ. ಅನ್ನನಾಳ ಆಮ್ಲದಲ್ಲಿ ತೊಯ್ದಿರುವ ಹೊತ್ತು ಶೇ 4ಕ್ಕಿಂತ ಕಡಿಮೆ, ಎಂದರೆ ಒಂದು ಗಂಟೆಯೊಳಗೆ ಇದ್ದರೆ ಅದು ಸಹಜ. ಶೇ 6 ದಾಟಿದರೆ, ಸುಮಾರು ಒಂದೂವರೆ ಗಂಟೆಯಾದರೆ, ರೋಗವೆಂದು 2018ರಲ್ಲಿ ಪ್ರಕಟವಾದ, ತಜ್ಞರ ಲಿಯಾನ್ ಒಮ್ಮತ ನಿರ್ಣಯ ಹೇಳಿತು.

ಸ್ನಾಯು ಎಷ್ಟು ಸಲ ಸಡಿಲುತ್ತದೆ ಎಂಬ ಎಣಿಕೆಯಲ್ಲಿ ರೋಗಿಗೂ ಆರೋಗ್ಯವಂತರಿಗೂ ಅಂಥ ದೊಡ್ಡ ಅಂತರವಿಲ್ಲ ಎಂಬುದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ. ಸಡಿಲಿದಾಗ ಬರೀ ಗಾಳಿ ಬಂತೋ ಆಮ್ಲ ಬಂತೋ, ಬಂದದ್ದು ಎಷ್ಟು ಬೇಗ ತೊಳೆದುಹೋಯಿತು ಎಂಬಲ್ಲಿ ಇಬ್ಬರೂ ಬೇರೆಯಾಗುತ್ತಾರೆ. ಜಠರದ ಮೇಲ್ಭಾಗ ವಪೆಯ ರಂಧ್ರದಿಂದ ಎದೆಯೊಳಗೆ ಜಾರಿದ್ದರೆ ಆಮ್ಲಕ್ಕೆ ದಾರಿ ಇನ್ನೂ ಸಲೀಸು. ಏರಿದ ಆಮ್ಲವನ್ನು ಇಳಿಸುವುದು ನಾವು ನುಂಗುವ ಜೊಲ್ಲು. ಅದರಲ್ಲಿರುವ ಕ್ಷಾರ ಉಳಿದ ಹುಳಿಯನ್ನೂ ತಣಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಬತ್ತುತ್ತದೆ, ನುಂಗುವುದು ಅಪರೂಪವಾಗುತ್ತದೆ. ಆರೋಗ್ಯವಂತರ ಆಮ್ಲ ಹೆಚ್ಚಾಗಿ ಉಂಡ ಮೇಲೆ ಏರಿ ಬೇಗ ಇಳಿಯುತ್ತದೆ. ಕಾಯಿಲೆ ಬಲಿತವರಲ್ಲಿ ಅದು ರಾತ್ರಿಯೂ ಏರಿ, ಅಲ್ಲೇ ನಿಂತು ಅನ್ನನಾಳದ ಒಳಪದರವನ್ನು ಸುಡುತ್ತದೆ. ಮಗ್ಗದ ಪಾಳಿ ಮುಗಿಸಿ ತಡರಾತ್ರಿ ಉಂಡು ಹಾಗೇ ಒರಗುವ ಬನಹಟ್ಟಿಯ ನೇಕಾರರಿಗೆ, ಕಬ್ಬು ಕಡಿದು ದಣಿದು ಬಂದವರಿಗೆ, "ಉಂಡು ಮೂರು ತಾಸು ಬಿಟ್ಟು ಮಲಗಿರಿ" ಎನ್ನುವುದು ಸುಲಭ, ಪಾಲಿಸುವುದು ಕಷ್ಟ. ಎಡಮಗ್ಗುಲಾಗಿ ಮಲಗುವುದಕ್ಕೆ ಮಾತ್ರ ಏನೂ ಖರ್ಚಿಲ್ಲ. ಹಾಗೆ ಮಲಗಿದಾಗ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ, ಏರಿದ್ದೂ ಬೇಗ ಇಳಿಯುತ್ತದೆ.

ಗುಳಿಗೆ ಈ ಏರಿಳಿತವನ್ನು ತಡೆಯುವುದಿಲ್ಲ, ಹುಳಿಯ ಖಾರವನ್ನಷ್ಟೇ ತಗ್ಗಿಸುತ್ತದೆ. ಅನ್ನನಾಳ ಹುಣ್ಣಾದವರಿಗೆ, ನೋವಿನ ಗುಳಿಗೆ ಬಿಡಲಾಗದ ಹಿರಿಯರಿಗೆ ಅದು ನಿಜವಾದ ಆಸರೆ, ಅವರು ವೈದ್ಯರು ಹೇಳಿದಷ್ಟು ದಿನ ಊಟಕ್ಕೆ ಅರ್ಧ ತಾಸು ಮೊದಲು ತಪ್ಪದೆ ತೆಗೆದುಕೊಳ್ಳಬೇಕು. ಆದರೆ ಜಾತ್ರೆಯಲ್ಲಿ ಮಿರ್ಚಿ ತಿಂದು ಉರಿ ಬಂತೆಂದು ಶುರುಮಾಡಿ ತಿಂಗಳುಗಟ್ಟಲೆ ನುಂಗುವುದನ್ನು, ಜ್ವರಕ್ಕೆ ಕೊಡುವ ಚೀಟಿಯಲ್ಲೂ ಅಭ್ಯಾಸಬಲದಿಂದ ಇದನ್ನೊಂದು ಬರೆಯುವುದನ್ನು ನಾನು ಒಪ್ಪಲಾರೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ 120 ಆರೋಗ್ಯವಂತರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ವಾರ ಇದೇ ಜಾತಿಯ ಇಸೊಮೆಪ್ರಜೋಲ್, ಇನ್ನೊಂದಕ್ಕೆ ಔಷಧಿಯಿಲ್ಲದ ಹುಸಿ ಗುಳಿಗೆ. ಔಷಧಿ ನಿಲ್ಲಿಸಿದ ಮುಂದಿನ ನಾಲ್ಕು ವಾರಗಳಲ್ಲಿ ಅದನ್ನು ನುಂಗಿದವರ ಪೈಕಿ ಶೇ 44 ಜನರಿಗೆ ಎದೆಯುರಿ, ಹುಳಿ ತೇಗು, ಅಜೀರ್ಣ ಕಾಣಿಸಿದವು. ಹುಸಿ ಗುಳಿಗೆಯವರಲ್ಲಿ ಶೇ 15ಕ್ಕೆ. ರೋಗವೇ ಇಲ್ಲದವರಿಗೆ ಔಷಧಿ ಕೊಟ್ಟು ಬಿಡಿಸಿದಾಗ ಉರಿ ಹುಟ್ಟಿತು! ಬಿಟ್ಟರೆ ಉರಿ, ಉರಿದರೆ ಮತ್ತೆ ಅಂಗಡಿ.

ನಿಜವಾದ ರೋಗಿಗೂ ಈ ರೂಢಿ ನ್ಯಾಯ ಮಾಡುವುದಿಲ್ಲ. ಚಿಲ್ಲರೆಯಾಗಿ ಕೊಂಡ ಎರಡು ಗುಳಿಗೆ ಉರಿಯನ್ನು ಮರೆಸಿ, ಎಂಡೋಸ್ಕೋಪಿ ಮಾಡಿಸಬೇಕಾದ ದಿನವನ್ನು ಮುಂದೂಡುತ್ತದೆ. ತುತ್ತು ಗಂಟಲಿಳಿದ ಮೇಲೆ ಎದೆಯಲ್ಲಿ ಸಿಕ್ಕಿಕೊಂಡರೆ, ತೂಕ ಇಳಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಂಗಡಿಗೆ ಹೋಗಬೇಡಿ, ವೈದ್ಯರ ಬಳಿಗೆ ಹೋಗಿ. ಎದೆ ಬಿಗಿದು, ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಹರಿದರೆ ಗ್ಯಾಸ್ ಎಂದು ಸೋಡಾ ಕುಡಿದು ಕಾಯುತ್ತ ಕೂಡಬೇಡಿ. ತಡಮಾಡದೆ ಇಸಿಜಿ ಇರುವ ಆಸ್ಪತ್ರೆಗೆ ಹೊರಡಿ.