ಯಜಮಾನ ಬದಲಾದ ಮೇಲೆ ಕುಮಟೆಯ ಪುಟ

ಪತ್ರಿಕೆಯೋ ಚಾನೆಲ್ಲೋ ಕೈಬದಲಾಯಿತೆಂಬ ಸುದ್ದಿ ಬಂದರೆ ಬೆಂಗಳೂರಿನಲ್ಲಿ ಏಳುವ ಪ್ರಶ್ನೆ ಎರಡೇ. ಸಂಪಾದಕರು ಉಳಿಯುತ್ತಾರೋ ಹೋಗುತ್ತಾರೋ? ಹೊಸ ಮಾಲೀಕ ಯಾವ ಪಕ್ಷದ ಕಡೆಯವ? ಭಟ್ಕಳ, ಹೊನ್ನಾವರ, ಕುಮಟೆಯ ಓದುಗನಿಗೂ ಇವುಗಳ ಉತ್ತರ ಬೇಕು. ಆದರೆ ಅವನ ಪಾಲಿಗೆ ಹೆಚ್ಚು ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ನಮ್ಮ ತಾಲ್ಲೂಕಿನ ವರದಿಗಾರ ಏನಾದ? ಕಳೆದ ಎರಡು ದಶಕಗಳಲ್ಲಿ ಕನ್ನಡ ಮಾಧ್ಯಮದಲ್ಲಿ ನಡೆದ ದೊಡ್ಡ ಖರೀದಿಗಳನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ, ರಾಜಕೀಯದ ಲೆಕ್ಕಾಚಾರ ನಾವು ಅಂದುಕೊಂಡ ಜಾಗದಲ್ಲಿ ಇಲ್ಲ ಅನ್ನಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಉದಾಹರಣೆ 2006ರದು. ವಿಜಯ ಸಂಕೇಶ್ವರರು 1999ರಲ್ಲಿ ಹುಬ್ಬಳ್ಳಿಯಿಂದ ಕಟ್ಟಿದ ‘ವಿಜಯ ಕರ್ನಾಟಕ’ವನ್ನು ಟೈಮ್ಸ್ ಸಮೂಹದ ಬೆನೆಟ್ ಕೋಲ್ಮನ್ ಕಂಪನಿ ಕೊಂಡಿತು. ಏಳೇ ವರ್ಷದ ಪತ್ರಿಕೆ, ಆದರೆ ಅಷ್ಟರಲ್ಲಿ ಕನ್ನಡದ ಪತ್ರಿಕೋದ್ಯಮದ ಲೆಕ್ಕವನ್ನೇ ತಲೆಕೆಳಗು ಮಾಡಿತ್ತು. ಬೆಲೆ ಇಳಿಸಿತು, ಹಲವು ಊರುಗಳಲ್ಲಿ ಮುದ್ರಣ ಶುರು ಮಾಡಿತು, ಸಂಕೇಶ್ವರರದೇ ವಿಆರ್‌ಎಲ್ ಲಾರಿಗಳ ಜಾಲದ ಅನುಭವವನ್ನು ಪೇಪರ್ ಬಂಡಲ್ ಸಾಗಿಸಲು ದುಡಿಸಿಕೊಂಡಿತು. ಘಟ್ಟದ ಕೆಳಗಿನ ಸಣ್ಣ ಊರುಗಳ ರಸ್ತೆ, ಕುಡಿಯುವ ನೀರು, ಶಾಲಾ ವಾರ್ಷಿಕೋತ್ಸವ, ದೋಣಿ ದುರಂತ ಎಲ್ಲಕ್ಕೂ ದೊಡ್ಡ ಪತ್ರಿಕೆಯಲ್ಲಿ ದಿನವೂ ಜಾಗ ಸಿಗಬಹುದೆಂದು ಓದುಗನಿಗೆ ಗೊತ್ತಾದದ್ದರಲ್ಲಿ ಅದರ ಪಾಲು ದೊಡ್ಡದು. ಕೆಲವೇ ವರ್ಷಗಳಲ್ಲಿ ಅದು ಕನ್ನಡದ ಅತಿ ಹೆಚ್ಚು ಪ್ರಸಾರದ ದಿನಪತ್ರಿಕೆಯಾಯಿತು.

ಆ ಮಾರಾಟವನ್ನು ‘ಸ್ವತಂತ್ರ ಕನ್ನಡ ಪತ್ರಿಕೆಯನ್ನು ಬಾಂಬೆಯವರು ನುಂಗಿದರು’ ಎಂದು ಆಗ ಅತ್ತವರಿದ್ದಾರೆ. ನನಗೆ ಆ ಅಳು ಪೂರ್ತಿ ಒಪ್ಪಿಗೆಯಿಲ್ಲ. ಸಂಕೇಶ್ವರರು ಬಿಜೆಪಿಯಿಂದ ಲೋಕಸಭೆಗೆ ಹೋದವರು, ಮುಂದೆ ಕನ್ನಡ ನಾಡು ಎಂಬ ತಮ್ಮದೇ ಪಕ್ಷ ಕಟ್ಟಿ 2004ರ ಚುನಾವಣೆಗೆ ಇಳಿದವರು. ಅವರ ಪತ್ರಿಕೆಗೆ ರಾಜಕೀಯ ಇರಲಿಲ್ಲ ಎನ್ನಲು ಯಾರಿಗೂ ಬಾಯಿ ಬರಲಾರದು. ಒಂದು ವ್ಯತ್ಯಾಸ ಮಾತ್ರ ಇತ್ತು: ಮಾಲೀಕ ಯಾರು, ಅವನಿಗೆ ಏನು ಬೇಕು ಎಂಬುದು ಹುಬ್ಬಳ್ಳಿಯಿಂದ ಹೊನ್ನಾವರದವರೆಗೆ ಎಲ್ಲರಿಗೂ ಗೊತ್ತಿತ್ತು, ಓದುಗ ಅಷ್ಟನ್ನು ಕಳೆದೇ ಓದುತ್ತಿದ್ದ. (ಅವರ ಬದುಕಿನ ಮೇಲೆ ಅವರದೇ ಸಂಸ್ಥೆ ನಿರ್ಮಿಸಿದ ‘ವಿಜಯಾನಂದ’ ಸಿನಿಮಾ 2022ರಲ್ಲಿ ಬಂತು. ಪತ್ರಿಕೆಯ ಮಾಲೀಕನ ಮೇಲೆ ಚಿತ್ರ ಬಂದದ್ದಾಯಿತು. ತಾಲ್ಲೂಕು ವರದಿಗಾರನ ಮೇಲೆ ಬರುವ ಲಕ್ಷಣ ಸದ್ಯಕ್ಕಂತೂ ಇಲ್ಲ.)

ಆ ವ್ಯವಹಾರದ ನಿಜವಾದ ದೋಷ ಬೇರೆ ಕಡೆ ಇದೆ. ಕೊಂಡದ್ದು ‘ವಿಜಯ ಕರ್ನಾಟಕ’ ಒಂದನ್ನೇ ಅಲ್ಲ. ಜೊತೆಗೆ ‘ಉಷಾಕಿರಣ’ ಎಂಬ ಇನ್ನೊಂದು ಕನ್ನಡ ದಿನಪತ್ರಿಕೆ ಮತ್ತು ‘ವಿಜಯ್ ಟೈಮ್ಸ್’ ಎಂಬ ಇಂಗ್ಲಿಷ್ ಪತ್ರಿಕೆ ಕೂಡ ಬಂದವು. ‘ವಿಜಯ್ ಟೈಮ್ಸ್’ ಮುಚ್ಚಿ ಅದರ ಜಾಗದಲ್ಲಿ ‘ಬೆಂಗಳೂರು ಮಿರರ್’ ಬಂತು. ‘ಉಷಾಕಿರಣ’ ಕೆಲಕಾಲ ಟೈಮ್ಸ್ ಆಫ್ ಇಂಡಿಯಾದ ಕನ್ನಡ ಆವೃತ್ತಿಯಾಗಿ ಬಂದು ನಿಂತೇ ಹೋಯಿತು. ಮೂರು ಪತ್ರಿಕೆ ಕೊಂಡು ಒಂದನ್ನು ಉಳಿಸಿಕೊಂಡದ್ದು ವ್ಯಾಪಾರಿಯ ಕಣ್ಣಿಗೆ ಜಾಣತನ. ಓದುಗನ ಕಣ್ಣಿಗೆ ಸುದ್ದಿಮನೆಗಳ ಸಂಖ್ಯೆ ಕಡಿಮೆಯಾದದ್ದು ಮಾತ್ರ ಕಾಣುತ್ತದೆ. ದೊಡ್ಡ ಸಂಸ್ಥೆ ಸಣ್ಣದನ್ನು ಕೊಳ್ಳುವಾಗ ಬೆಲೆ ಕಟ್ಟುವುದು ಓದುಗರ ಸಂಖ್ಯೆಗೆ, ಜಾಹೀರಾತಿನ ಪ್ರದೇಶಕ್ಕೆ, ಒಬ್ಬ ಪೈಪೋಟಿಗಾರ ಕಡಿಮೆಯಾಗುವುದಕ್ಕೆ. ವರದಿ ಮಾಡುವ ಜನ ಆ ಬೆಲೆಯಲ್ಲಿ ಸೇರಿರುವುದಿಲ್ಲ. ಪೈಪೋಟಿ ಮಾಡಬಾರದೆಂಬ ಕರಾರಿನ ಅವಧಿ ಮುಗಿದ ಮೇಲೆ ಸಂಕೇಶ್ವರರು 2012ರ ಏಪ್ರಿಲ್ 1ರಂದು ‘ವಿಜಯವಾಣಿ’ ತಂದರು, ಮತ್ತೆ ಹಲವು ಊರುಗಳಲ್ಲಿ ಒಟ್ಟಿಗೆ. ಮಾರಿದವನು ಮತ್ತೆ ಕಟ್ಟಬಲ್ಲ. ಮಧ್ಯದ ವರ್ಷಗಳಲ್ಲಿ ಕೆಲಸ ಕಳೆದುಕೊಂಡ ವರದಿಗಾರನಿಗೆ ಅಂಥ ಬಂಡವಾಳ ಎಲ್ಲಿಂದ ಬರಬೇಕು?

ಕುಮಟೆಗೂ ಈ ಕತೆಗೂ ನೇರ ನಂಟಿದೆ. ಮಾರಾಟದ ಹೊತ್ತಿಗೆ ‘ವಿಜಯ ಕರ್ನಾಟಕ’ದ ಸಂಪಾದಕರಾಗಿದ್ದ ವಿಶ್ವೇಶ್ವರ ಭಟ್ ಕುಮಟಾ ತಾಲ್ಲೂಕಿನ ಮೂರೂರಿನವರು. ಹೊಸ ಮಾಲೀಕರ ಕೈಕೆಳಗೂ ಕೆಲವು ವರ್ಷ ಇದ್ದು, 2010ರ ಕೊನೆಗೆ ಹೊರಬಂದು, ಮರುವರ್ಷ ‘ಕನ್ನಡಪ್ರಭ’ಕ್ಕೆ ಹೋದರು. ಆ ಪತ್ರಿಕೆಯೂ ಆಗಷ್ಟೇ ಕೈಬದಲಾಗಿತ್ತು. 1967ರಲ್ಲಿ ಗೋಯೆಂಕಾರ ಇಂಡಿಯನ್ ಎಕ್ಸ್‌ಪ್ರೆಸ್ ಬಳಗ ಆರಂಭಿಸಿದ ‘ಕನ್ನಡಪ್ರಭ’ಕ್ಕೆ ರಾಜೀವ್ ಚಂದ್ರಶೇಖರ್ ಅವರ ಬಂಡವಾಳ ಬಂದಿತ್ತು. ಏಷ್ಯಾನೆಟ್ ನ್ಯೂಸ್ ಮತ್ತು ಸುವರ್ಣ ನ್ಯೂಸ್ ಕೂಡ ಅವರದೇ. ಅವರು 2006ರಲ್ಲಿ ಕರ್ನಾಟಕದಿಂದ ಪಕ್ಷೇತರರಾಗಿ ರಾಜ್ಯಸಭೆಗೆ ಹೋದವರು, 2018ರಲ್ಲಿ ಬಿಜೆಪಿಯಿಂದಲೇ ಆಯ್ಕೆಯಾಗಿ 2021ರಲ್ಲಿ ಕೇಂದ್ರ ಮಂತ್ರಿಯಾದರು. ಭಟ್ಟರೊಂದಿಗೆ ‘ಕನ್ನಡಪ್ರಭ’ಕ್ಕೆ ಹೋದ ಅಂಕಣಕಾರ ಪ್ರತಾಪ ಸಿಂಹ 2014ರಲ್ಲಿ ಮೈಸೂರಿನ ಸಂಸದರಾದರು. ಭಟ್ಟರು 2016ರಲ್ಲಿ ‘ವಿಶ್ವವಾಣಿ’ಯನ್ನು ತಮ್ಮದೇ ಪತ್ರಿಕೆಯಾಗಿ ತಂದರು. ಮಾಲೀಕ ಬದಲಾದಾಗ ಹೆಸರಾಂತ ಸಂಪಾದಕ, ಹೆಸರಾಂತ ಅಂಕಣಕಾರ ತಮ್ಮ ಓದುಗರನ್ನು ಬೆನ್ನಿಗೆ ಕಟ್ಟಿಕೊಂಡು ಬೇರೆ ಮನೆಗೆ ನಡೆಯಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಯಕ್ಷಗಾನದ ಮೇಳದಲ್ಲೂ ಹೀಗೇ: ಯಜಮಾನ ಬದಲಾದರೆ ಎರಡನೇ ವೇಷಧಾರಿಗೆ, ಭಾಗವತರಿಗೆ ಬೇರೆ ಮೇಳದಿಂದ ಕರೆ ಬರುತ್ತದೆ, ಕೋಡಂಗಿ ವೇಷದ ಹುಡುಗನನ್ನು ಯಾರೂ ಕರೆಯುವುದಿಲ್ಲ.

ಟಿವಿಯಲ್ಲಿ ಇದು ಇನ್ನೂ ಬೇಗ ನಡೆಯಿತು. ರಾಮೋಜಿ ರಾವ್ 2000ದಲ್ಲಿ ತಂದ ಈಟಿವಿ ಕನ್ನಡ ಸುದ್ದಿಗೆ ಜಿಲ್ಲೆಗಳ ಕಡೆ ಕಿವಿಯಿತ್ತು. 2012ರಲ್ಲಿ ಘೋಷಣೆಯಾದ ವ್ಯವಹಾರದಿಂದ ಈಟಿವಿಯ ಪ್ರಾದೇಶಿಕ ಚಾನೆಲ್‌ಗಳು ನೆಟ್‌ವರ್ಕ್ 18ರ ಕಡೆ ಬಂದವು, 2014ರಲ್ಲಿ ನೆಟ್‌ವರ್ಕ್ 18 ರಿಲಯನ್ಸ್ ಹಿಡಿತಕ್ಕೆ ಹೋಯಿತು, 2015ರಲ್ಲಿ ಈಟಿವಿ ಕನ್ನಡ ಕಲರ್ಸ್ ಕನ್ನಡವಾಯಿತು. ಟಿವಿ9 ಬಳಗವನ್ನು 2018ರಲ್ಲಿ ಹೈದರಾಬಾದಿನ ಗುತ್ತಿಗೆ ಮತ್ತು ಕಟ್ಟಡ ಉದ್ಯಮದವರ ಕಂಪನಿ ಕೊಂಡಿತು, ಮರುವರ್ಷವೇ ಸ್ಥಾಪಕ ರವಿಪ್ರಕಾಶ್ ಹೊರಬಿದ್ದರು. ಎನ್‌ಡಿಟಿವಿಯ ಕತೆ ಎಲ್ಲರಿಗೂ ಗೊತ್ತು. ಅದರಲ್ಲಿ ಸಣ್ಣ ಪತ್ರಿಕೆಯವರು ಗಮನಿಸಬೇಕಾದ ಭಾಗ ಸಾಲದ್ದು. 2009ರಲ್ಲಿ ಪಡೆದ 400 ಕೋಟಿಗೂ ಮಿಕ್ಕ ಸಾಲ ಹದಿಮೂರು ವರ್ಷ ಮಲಗಿತ್ತು. 2022ರ ಆಗಸ್ಟಿನಲ್ಲಿ ಅದಾನಿ ಸಮೂಹ ಆ ಸಾಲ ಕೊಟ್ಟ ಕಂಪನಿಯನ್ನೇ ಕೊಂಡು ಒಳಗೆ ಬಂತು. ಶಿರಸಿಯಲ್ಲೋ ಕಾರವಾರದಲ್ಲೋ ಪತ್ರಿಕೆ ನಡೆಸುವವನಿಗೆ ಸಾಲವೆಂದರೆ ಕಾಗದದ ಬಾಕಿ, ಪ್ರೆಸ್ಸಿನ ಬಾಕಿ. ಅದನ್ನು ತೀರಿಸಿಕೊಡುತ್ತೇನೆಂದು ಬರುವವನು ಗುತ್ತಿಗೆದಾರನೋ ಟಿಕೆಟ್ ಆಕಾಂಕ್ಷಿಯೋ ಆಗಿರುತ್ತಾನೆ. ಅಂಥ ಖರೀದಿ ಯಾವ ಷೇರುಪೇಟೆಯ ಕಣ್ಣಿಗೂ ಬೀಳುವುದಿಲ್ಲ.

ಈಗ ತಾಲ್ಲೂಕಿಗೆ ಬರೋಣ. ದೊಡ್ಡ ಪತ್ರಿಕೆಯ ಹೆಸರು ಹೊತ್ತು ಭಟ್ಕಳದಲ್ಲೋ ಕುಮಟೆಯಲ್ಲೋ ಓಡಾಡುವವರಲ್ಲಿ ಬಹಳ ಮಂದಿ ಸಂಬಳದ ನೌಕರರಲ್ಲ, ಅರೆಕಾಲಿಕರು, ಬಿಡಿ ಸುದ್ದಿಗಾರರು. ಗೌರವಧನ ಪೆಟ್ರೋಲಿಗೆ ಸಾಲದು. ಮನೆ ನಡೆಯಬೇಕಾದರೆ ಅಂಗಡಿ, ಎಲ್‌ಐಸಿ, ಅಡಕೆ ತೋಟ, ಸ್ಟುಡಿಯೋ ಯಾವುದಾದರೊಂದು ಇರಬೇಕು, ಇಲ್ಲವೇ ಜಾಹೀರಾತಿನ ಕಮಿಷನ್ ಇರಬೇಕು. ಪತ್ರಿಕೆಯ ವಾರ್ಷಿಕೋತ್ಸವ, ದೀಪಾವಳಿ ವಿಶೇಷ, ಶಾಸಕರ ಹುಟ್ಟುಹಬ್ಬದ ಶುಭಾಶಯ ಪುಟ ಇವುಗಳಿಗೆ ಟಾರ್ಗೆಟ್ ಇರುತ್ತದೆ. ಬೆಳಿಗ್ಗೆ ಯಾರ ಮರಳು ದಂಧೆಯ ಬಗ್ಗೆ ಬರೆಯಬೇಕೋ ಸಂಜೆ ಅವರ ಬಾಗಿಲಿಗೇ ಜಾಹೀರಾತು ಕೇಳಲು ಹೋಗಬೇಕು. ಬೆಂಗಳೂರಿನ ಮಾಲೀಕ ಫೋನ್ ಮಾಡಿ ‘ಈ ಸುದ್ದಿ ಬೇಡ’ ಎನ್ನುವ ಅಗತ್ಯ ಇಲ್ಲಿ ಬೀಳುವುದೇ ಇಲ್ಲ. ವರದಿಗಾರನೇ ಮೊದಲು ಕತ್ತರಿ ಹಿಡಿದಿರುತ್ತಾನೆ. ಅವನನ್ನು ಬೈಯುವುದು ಸುಲಭ, ಅವನ ಗೌರವಧನದ ಚೀಟಿ ನೋಡಿದವರು ಬೈಯಲಾರರು. ಖರೀದಿಯ ರಾಜಕೀಯ ಸಂಪಾದಕೀಯಕ್ಕಿಂತ ಮೊದಲು ಈ ಚೀಟಿಯಲ್ಲಿ ಕಾಣಬೇಕು. ಖರ್ಚು ಕಡಿತದ ಮಾತು ಎದ್ದರೆ ಮೊದಲು ಸಣ್ಣದಾಗುವುದು ತಾಲ್ಲೂಕಿನ ಜಾಗ. ಮೂರು ತಾಲ್ಲೂಕಿಗೆ ಒಂದೇ ಪುಟ, ಆಮೇಲೆ ಇಡೀ ಜಿಲ್ಲೆಗೆ ಒಂದು, ಅದರಲ್ಲೂ ಘಟ್ಟದ ಮೇಲಿನದೇ ಅರ್ಧ.

ಇದರ ಫಲವನ್ನು ಹೊನ್ನಾವರ ಅನುಭವಿಸಿದೆ. 2017ರ ಡಿಸೆಂಬರಿನಲ್ಲಿ ಊರಿನ ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಅದು ಕೊಲೆಯೆಂಬ ಆರೋಪ ಎದ್ದು ಮುಂದಿನ ದಿನಗಳಲ್ಲಿ ಕರಾವಳಿಯುದ್ದಕ್ಕೂ ಬಂದ್, ಕಲ್ಲುತೂರಾಟ. ಕುಮಟೆಯಲ್ಲಿ ಐಜಿಪಿಯವರ ವಾಹನಕ್ಕೇ ಬೆಂಕಿ. ಚಾನೆಲ್‌ಗಳಿಗೆ ಅದು ಹಬ್ಬವಾಯಿತು. ವಿಧಾನಸಭೆ ಚುನಾವಣೆಗೆ ತಿಂಗಳುಗಳಷ್ಟೇ ಉಳಿದಿದ್ದವು. 2022ರ ಅಕ್ಟೋಬರಿನಲ್ಲಿ ಸಿಬಿಐ ಅದು ಆಕಸ್ಮಿಕ ಸಾವೆಂದು ವರದಿ ಸಲ್ಲಿಸಿತು. ಬೆಂಕಿಗೆ ಸಿಕ್ಕ ನೇರಪ್ರಸಾರ ಆ ವರದಿಗೆ ಸಿಗಲಿಲ್ಲ. ಅದೇ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ಒಣಮೀನು ಮಾಡುವ ಹೆಂಗಸರ ಜಾಗ, ಕಡಲಾಮೆ ಮೊಟ್ಟೆಯಿಡುವ ತೀರ, ಸರ್ವೆ, ನಿಷೇಧಾಜ್ಞೆ, ಬಂಧನ ಎಲ್ಲವೂ ಅಲ್ಲಿದೆ. ರಾಜ್ಯಮಟ್ಟದ ಚಾನೆಲ್‌ಗಳ ಸಂಜೆಯ ಚರ್ಚೆಗೆ ಅದು ಸಾಲದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೇರಳದ ಚಾನೆಲ್‌ಗಳು ಬಂದು ಬೀಡುಬಿಟ್ಟವು, ಅವರ ಊರಿನ ಲಾರಿ ಚಾಲಕನೊಬ್ಬ ನಾಪತ್ತೆಯಾಗಿದ್ದ. ಅವರ ವೀಕ್ಷಕ ಬಿಡದೆ ಕೇಳಿದ, ಚಾನೆಲ್ ಬಿಡದೆ ನಿಂತಿತು. ನಮ್ಮ ಮನೆಯ ಗುಡ್ಡದ ಸುದ್ದಿಯನ್ನು ಮಲಯಾಳಂನಲ್ಲಿ ನೋಡಬೇಕಾಯಿತಲ್ಲ ಎಂದು ಹೆದ್ದಾರಿ ಬದಿಯ ಜನ ಆಡಿಕೊಂಡದ್ದು ಸುಳ್ಳಲ್ಲ.

ಹಾಗಾದರೆ ದೊಡ್ಡವರ ಕೈಗೆ ಸಿಗದೆ ಉಳಿದವು? ಕಾರವಾರದ ‘ಕರಾವಳಿ ಮುಂಜಾವು’, ಹೊನ್ನಾವರದ ‘ನಾಗರಿಕ’ದಂಥವನ್ನು ಓದುವವರು ಸಾಹಿತ್ಯಕ್ಕಾಗಿ ಓದುವುದಿಲ್ಲ. ಯಾರ ತಿಥಿ, ಯಾವ ಸೊಸೈಟಿ ಚುನಾವಣೆ, ಯಾವ ಗ್ರಾಮ ಪಂಚಾಯ್ತಿಯಲ್ಲಿ ಜಗಳ ಎಂಬುದಕ್ಕೆ ಓದುತ್ತಾರೆ. ಪತ್ರಿಕೆ ಊರಿನದು ಅನ್ನಿಸಲು ಅಷ್ಟು ಸಾಕು. ಭಟ್ಕಳದ ದಾರಿ ಬೇರೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ನವಾಯತರ ಊರು ಅದು. ಭಟ್ಕಳೀಸ್, ಕನ್ನಡ–ಉರ್ದು–ಇಂಗ್ಲಿಷಿನಲ್ಲಿ ಬರುವ ಸಾಹಿಲ್ ಆನ್‌ಲೈನ್ ಇವು ದುಬೈಯಲ್ಲಿರುವ ಮಗನಿಗೆ ಊರಿನ ಸಾವು–ಮದುವೆ ಮುಟ್ಟಿಸುತ್ತ ಬೆಳೆದವು. ದೆಹಲಿಯ ಚಾನೆಲ್‌ಗಳು ಕೆಲವರ ಮೇಲಿನ ಭಯೋತ್ಪಾದನೆಯ ಮೊಕದ್ದಮೆ ಹಿಡಿದು ಇಡೀ ಊರಿನ ಹೆಸರನ್ನೇ ಆರೋಪಪಟ್ಟಿ ಮಾಡಿದ್ದಾಗ, ಊರು ತನ್ನ ಮಾತನ್ನು ತಾನೇ ಹೇಳಿಕೊಳ್ಳಲು ಇದ್ದ ಜಾಗ ಇದೇ. ಇದನ್ನು ನಾನು ಸಣ್ಣ ಸಾಧನೆ ಎನ್ನುವುದಿಲ್ಲ. ಆದರೆ ಸಮುದಾಯದ ಹಣದಲ್ಲಿ ನಡೆಯುವ ಪತ್ರಿಕೆ ಆ ಸಮುದಾಯದ ಮುಖಂಡರ ಬಗ್ಗೆ ಎಷ್ಟು ಬರೆಯಬಲ್ಲದು ಎಂಬ ಪ್ರಶ್ನೆ ಭಟ್ಕಳಕ್ಕೂ ಇದೆ, ಹವ್ಯಕರ, ನಾಮಧಾರಿಗಳ, ಸಾರಸ್ವತರ ಪತ್ರಿಕೆಗಳಿಗೂ ಇದೆ. ಈ ಜಿಲ್ಲೆಯಲ್ಲಿ ಪತ್ರಿಕೆ ರಾಜಕೀಯದಿಂದ ಹೊರಗಿದ್ದ ಕಾಲವೇನೂ ಇರಲಿಲ್ಲ. ದಿನಕರ ದೇಸಾಯಿ ‘ಜನಸೇವಕ’ ವಾರಪತ್ರಿಕೆ ನಡೆಸಿದರು, ಗೇಣಿದಾರ ರೈತರ ಪರ ಹೋರಾಡಿದರು, 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೂ ಹೋದರು. ಅವರ ಪತ್ರಿಕೆ ಯಾರ ಪರ ಎಂದು ಕೇಳುವ ಅಗತ್ಯ ಯಾವ ಒಕ್ಕಲಿಗೂ ಬರಲಿಲ್ಲ.

ಓದುಗರೇ ಮಾಲೀಕರಾದರೆ ಸರಿಹೋದೀತು ಎನ್ನುವವರು ‘ಮುಂಗಾರು’ವನ್ನು ನೆನೆಯಬೇಕು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ, ಜನರಿಂದ ಷೇರು ಕೂಡಿಸಿ, ಶೂದ್ರ–ದಲಿತ–ಅಲ್ಪಸಂಖ್ಯಾತರ ದನಿಯಾಗಿ ಆ ದಿನಪತ್ರಿಕೆ ತಂದರು. ದಿನೇಶ್ ಅಮಿನ್ ಮಟ್ಟು ಅವರಂಥವರು ಅಲ್ಲಿಂದಲೇ ಬಂದವರು. ಕರಾವಳಿಯಲ್ಲಿ ಅಂಥ ಪತ್ರಿಕೆ ಅದಕ್ಕೆ ಮೊದಲು ಬಂದಿರಲಿಲ್ಲ. ಅದು ಉಳಿಯಲಿಲ್ಲ. ಷೇರು ಕೊಂಡ ಜನರ ಪ್ರೀತಿ ದಿನದಿನದ ಖರ್ಚಿಗೆ ಬಂಡವಾಳವಾಗಲಿಲ್ಲ, ಜಾಹೀರಾತುದಾರರು ಹತ್ತಿರ ಬರಲಿಲ್ಲ. ಹಾಗೆಂದು ‘ಮುಂಗಾರು’ ಸೋತಿತೆಂದು ನಾನು ಬರೆಯಲಾರೆ. ಅದು ತಯಾರು ಮಾಡಿದ ವರದಿಗಾರರು ಮುಂದೆ ದೊಡ್ಡ ಪತ್ರಿಕೆಗಳಲ್ಲಿ ಕೆಲಸ ಮಾಡಿದರು. ದೊಡ್ಡವರು ಆ ಪತ್ರಿಕೆಯನ್ನು ಕೊಳ್ಳದೆಯೇ ಅದರ ಅತ್ಯುತ್ತಮ ಭಾಗವನ್ನು ಪಡೆದರು.

ಕಾನೂನು ಇದನ್ನೆಲ್ಲ ತಡೆಯುತ್ತದೆಂಬ ಭರವಸೆ ನನಗಿಲ್ಲ. ರಾಜಕೀಯ ಪಕ್ಷಗಳು ಮಾಧ್ಯಮ ನಡೆಸಬಾರದು, ಒಬ್ಬರ ಕೈಯಲ್ಲೇ ಪತ್ರಿಕೆ–ಟಿವಿ ಎರಡೂ ಕೂಡಿಕೊಳ್ಳದಂತೆ ಮಿತಿ ಬೇಕು ಎಂದು ಟ್ರಾಯ್ 2014ರ ಆಗಸ್ಟಿನಲ್ಲಿ ಶಿಫಾರಸು ಮಾಡಿತು. ಅದು ಕಾಯ್ದೆಯಾಗಲಿಲ್ಲ, ಯಾವ ಪಕ್ಷದ ಸರ್ಕಾರಕ್ಕೂ ಅವಸರವಿರಲಿಲ್ಲ. ಓದುಗನ ಕೈಯಲ್ಲಿ ಇದ್ದದ್ದು ಒಂದು ಸಣ್ಣ ಆಯುಧ. 1956ರ ನಿಯಮದಂತೆ ಪ್ರತಿ ಪತ್ರಿಕೆ ವರ್ಷಕ್ಕೊಮ್ಮೆ, ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ, ನಾಲ್ಕನೇ ನಮೂನೆಯಲ್ಲಿ ತನ್ನ ಮಾಲೀಕರ ಹೆಸರು, ಶೇ 1ಕ್ಕಿಂತ ಹೆಚ್ಚು ಬಂಡವಾಳ ಇಟ್ಟವರ ಹೆಸರು ಅಚ್ಚು ಹಾಕಬೇಕಿತ್ತು. ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತಿದ್ದ ಅದನ್ನು ಹೆಚ್ಚಿನವರು ಓದದೆ ಮಡಚಿಟ್ಟರು. ಮೊಬೈಲಿಗೆ ಬರುವ ಪೋರ್ಟಲ್ಲು, ಯೂಟ್ಯೂಬ್ ಚಾನೆಲ್ಲುಗಳಿಗೆ ಆ ನಮೂನೆಯೂ ಅನ್ವಯಿಸಲಿಲ್ಲ.

ಆದ್ದರಿಂದ ಕೇಳಿಕೊಳ್ಳುವುದಿಷ್ಟು. ಮುಂದಿನ ಸಲ ನಿಮ್ಮ ಪತ್ರಿಕೆಯೋ ಚಾನೆಲ್ಲೋ ಮಾರಾಟವಾಯಿತೆಂದು ಓದಿದಾಗ ಹೊಸ ಮಾಲೀಕನ ಪಕ್ಷ ಹುಡುಕುವುದನ್ನು ಬಿಡಬೇಡಿ. ಜೊತೆಗೆ ಏಜೆಂಟರಿಗೋ ಜಿಲ್ಲಾ ಕಚೇರಿಗೋ ಒಂದು ಫೋನ್ ಮಾಡಿ ಕೇಳಿ: ನಮ್ಮ ತಾಲ್ಲೂಕಿಗೆ ಪೂರ್ಣಾವಧಿ ವರದಿಗಾರರಿದ್ದಾರೆಯೇ, ಅವರಿಗೆ ಸಂಬಳ ಕೊಡುವವರು ಯಾರು, ಜಾಹೀರಾತು ತರುವ ಕೆಲಸವೂ ಅವರದೇ ಏನು? ಉತ್ತರ ಸಿಗದಿದ್ದರೆ ಮತ್ತೆ ಕೇಳಿ.